ಟೇಬಿಯ ದೇವಾಲಯ: ಕಲ್ಲೂ ಬಣ್ಣವೂ ಕೇಳುವ ಪ್ರಾರ್ಥನೆ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಟೇಬಿ ಎಂಬ ಊರಿದೆ. ಇಂದು ಅದು ರಾಜಧಾನಿಗೆ ಅಂಟಿಕೊಂಡಿರುವ ಹೊರವಲಯ. ಆದರೆ ಅಲ್ಲಿರುವ ದೇವಾಲಯವು ಹದಿಮೂರನೆಯ ಶತಮಾನದ್ದು. ಹೊರಗಿನಿಂದ ನೋಡುವವರಿಗೆ ಅದು ಒರಟು ಕಲ್ಲಿನ, ಕಡಿದಾದ ಛಾವಣಿಯ ಸಾಧಾರಣ ಹಳ್ಳಿ ದೇವಾಲಯವಾಗಿಯೇ ಕಾಣುತ್ತದೆ. ಒಳಗೆ ಕಾಲಿಟ್ಟು ತಲೆಯೆತ್ತಿದರೆ ಕಮಾನು ಛಾವಣಿಯ ತುಂಬ ಚಿತ್ರಗಳು: ಪ್ರವಾದಿಗಳು, ಸಂತರು, ಬಳ್ಳಿಗಳು, ಬರಹದ ಸುರುಳಿಗಳು. ಪಶ್ಚಿಮ ದಿಕ್ಕಿನಲ್ಲಿ ಒಂದು ಕಡೆ ಮರಣವು ಮನುಷ್ಯನೊಬ್ಬನ ಎದುರು ಕುಳಿತು ಚದುರಂಗವಾಡುತ್ತಿದೆ. ಈ ಒಂದು ಚಿತ್ರದಿಂದಾಗಿಯೇ ಟೇಬಿಯ ಹೆಸರು ಲೋಕವಿಖ್ಯಾತವಾಯಿತು. ಆದರೆ ಆ ಚಿತ್ರದ ಅರ್ಥ ತಿಳಿಯಬೇಕಾದರೆ ಛಾವಣಿಯನ್ನು ಬಿಟ್ಟು ಮೊದಲು ನೆಲವನ್ನು ನೋಡಬೇಕು. ದೇವಾಲಯ ಏಳುವುದಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಟೇಬಿಯಲ್ಲಿ ಯಾರ್ಲಬಾಂಕೆ ಎಂಬ ಜಮೀನ್ದಾರನಿದ್ದನು. ಉಪ್ಲಾಂಡ್ ಎಂದು ಕರೆಯಲ್ಪಡುವ ಆ ಪ್ರಾಂತದಲ್ಲಿ ಕ್ರೈಸ್ತ ವಿಶ್ವಾಸವು ಆಗಷ್ಟೇ ಬೇರೂರುತ್ತಿತ್ತು. ಜೌಗು ನೆಲದ ಮೇಲೆ ಈತನು ಸುಮಾರು 150 ಮೀಟರ್ ಉದ್ದದ ಏರುದಾರಿಯೊಂದನ್ನು ಕಟ್ಟಿಸಿದನು. ಅಲ್ಲಿಯ ಭಾಷೆಯಲ್ಲಿ ಅದಕ್ಕೆ ಸೇತುವೆ ಎಂದೇ ಹೆಸರು. ಅದರ ಎರಡೂ ತುದಿಗಳಲ್ಲಿ ರೂನ್ ಎಂಬ ಪ್ರಾಚೀನ ಉತ್ತರ ಯೂರೋಪಿನ ಲಿಪಿಯಲ್ಲಿ ಕೆತ್ತಿದ ಕಲ್ಲುಗಳನ್ನು ನಿಲ್ಲಿಸಿದನು. ಕೆತ್ತನೆಯ ತಾತ್ಪರ್ಯ ಹೀಗಿದೆ: ಯಾರ್ಲಬಾಂಕೆಯು ತಾನು ಬದುಕಿರುವಾಗಲೇ ತನ್ನ ನೆನಪಿಗಾಗಿ ಈ ಕಲ್ಲುಗಳನ್ನು ನೆಡಿಸಿದನು, ತನ್ನ ಆತ್ಮಕ್ಕಾಗಿ ಈ ಸೇತುವೆಯನ್ನು ಮಾಡಿಸಿದನು, ಟೇಬಿಯಿಡೀ ಅವನೊಬ್ಬನ ಸ್ವತ್ತಾಗಿತ್ತು, ದೇವರು ಅವನ ಆತ್ಮಕ್ಕೆ ನೆರವಾಗಲಿ.

ಊರೆಲ್ಲ ನನ್ನದೇ ಎಂಬ ಗರ್ವವೂ ದೇವರೇ ಕಾಪಾಡಬೇಕೆಂಬ ದೈನ್ಯವೂ ಒಂದೇ ಉಸಿರಿನಲ್ಲಿ ಹೊರಬಂದಿರುವ ಈ ಬರಹವನ್ನು ಓದುವಾಗ ನಸುನಗು ಬಾರದಿರದು. ವಾರಸುದಾರರ ಮೇಲೆ ಈತನಿಗೆ ಅಷ್ಟಾಗಿ ಭರವಸೆ ಇರಲಿಲ್ಲವೆಂದು ತೋರುತ್ತದೆ. ಆದರೂ ಅವನ ಬೇಡಿಕೆಯು ಗಂಭೀರವಾದುದು. ಜನರು ಕಾಲು ಕೆಸರಾಗದೆ ದಾಟುವ ದಾರಿಯು ಮಾಡಿಸಿದವನ ಆತ್ಮಕ್ಕೆ ಪುಣ್ಯವಾಗುತ್ತದೆಂಬ ನಂಬಿಕೆ ಆ ಕಾಲದ ಕ್ರೈಸ್ತರಲ್ಲಿ ದೃಢವಾಗಿತ್ತು. ಈ ಕಲ್ಲುಗಳಲ್ಲಿ ಒಂದು ಇಂದು ನೆರೆಯ ದಾಂದೆರಿದ್ ಊರಿನ ದೇವಾಲಯದ ಗೋಡೆಯಲ್ಲಿ ಸೇರಿಹೋಗಿದೆ.

ಯಾರ್ಲಬಾಂಕೆಯ ಅಜ್ಜಿ ಎಸ್ತ್ರಿದ್ ಎಂಬಾಕೆಯೂ ಟೇಬಿಯಲ್ಲಿ ಕಲ್ಲು ನಿಲ್ಲಿಸಿದವಳೇ. ಆಕೆಯ ಗಂಡ ಓಸ್ತೆನ್ ಜೆರುಸಲೇಮಿಗೆ ಹೋಗಿದ್ದನೆಂದೂ ಗ್ರೀಸ್ ದೇಶದಲ್ಲಿ ಸತ್ತನೆಂದೂ ಆ ಕಲ್ಲು ಹೇಳುತ್ತದೆ. ಉತ್ತರದ ಹಿಮನಾಡಿನಿಂದ ಪವಿತ್ರ ನಾಡಿಗೆ ಹೊರಟ ಗಂಡನ ದೇಹವನ್ನು ಆಕೆ ಮತ್ತೆ ಕಾಣಲಿಲ್ಲ. ಹೂಳಲು ಶರೀರವಿಲ್ಲದಿದ್ದರೂ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸಿದಳು.

ಹೀಗೆ ಟೇಬಿಯಲ್ಲಿ ದೇವಾಲಯಕ್ಕಿಂತ ಮೊದಲೇ ಮೃತರ ಸ್ಮರಣೆಯಿತ್ತು. ಹದಿಮೂರನೆಯ ಶತಮಾನದಲ್ಲಿ ಕಲ್ಲಿನ ದೇವಾಲಯ ಎದ್ದಿತು. ಉಪ್ಲಾಂಡಿನ ಹಳ್ಳಿ ದೇವಾಲಯಗಳದ್ದು ಬಹುಮಟ್ಟಿಗೆ ಒಂದೇ ಮಾದರಿ. ಹಿಮಯುಗದ ಹಿಮನದಿಗಳು ಉರುಳಿಸಿ ತಂದು ಬಿಟ್ಟುಹೋದ ಗ್ರಾನೈಟ್ ಗುಂಡುಗಳು ಅಲ್ಲಿಯ ಹೊಲಗಳಲ್ಲಿ ಹೇರಳವಾಗಿವೆ. ರೈತನಿಗೆ ನೇಗಿಲಿನ ಶತ್ರುವಾದ ಈ ಕಲ್ಲೇ ಮೇಸ್ತ್ರಿಗೆ ಬಂಡವಾಳವಾಯಿತು. ಒಳಗೊಂದು ಹೊರಗೊಂದು ಪದರವಾಗಿ ಗುಂಡುಗಳನ್ನು ಜೋಡಿಸಿ, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆಯನ್ನು ತುಂಬಿ ದಪ್ಪನಾದ ಗೋಡೆಗಳನ್ನು ಎಬ್ಬಿಸುತ್ತಿದ್ದರು. ಕಮಾನು, ಮೂಲೆಗಳಂತಹ ನಾಜೂಕಿನ ಕಡೆಗಳಿಗೆ ಇಟ್ಟಿಗೆ ಬಳಸುತ್ತಿದ್ದರು. ಗೋಪುರವೇ ಇಲ್ಲದ ದೇವಾಲಯಗಳು ಅಲ್ಲಿ ಅನೇಕ. ಅಂಥ ಕಡೆ ಗಂಟೆಗೆ ಅಂಗಳದಲ್ಲಿ ಬೇರೆಯೇ ಮರದ ಅಟ್ಟ. ಉತ್ತರದ ಬದಿಯಲ್ಲಿ ಪೂಜಾವಸ್ತ್ರಗಳ ಕೋಣೆ. ದಕ್ಷಿಣದಲ್ಲಿ ಪ್ರವೇಶ ಮಂಟಪ. ಈ ಮಂಟಪಕ್ಕೆ ಸ್ವೀಡಿಷ್ ಭಾಷೆಯಲ್ಲಿ ‘ಆಯುಧದ ಮನೆ’ ಎಂಬರ್ಥದ ಹೆಸರಿದೆ; ಬಲಿಪೂಜೆಗೆ ಬಂದವರು ಕತ್ತಿ ಕೊಡಲಿಗಳನ್ನು ಅಲ್ಲಿಟ್ಟು ಒಳಗೆ ಬರುತ್ತಿದ್ದರೆಂದು ಜನರು ವಿವರಿಸುತ್ತಾರೆ.

ಮೊದಲಿಗೆ ಇಂತಹ ದೇವಾಲಯಗಳಿಗೆ ಮರದ ಒಳಛಾವಣಿ ಇರುತ್ತಿತ್ತು. ಹದಿನೈದನೆಯ ಶತಮಾನದಲ್ಲಿ ಉಪ್ಲಾಂಡಿನ ಧರ್ಮಕೇಂದ್ರಗಳು ಒಂದರ ನಂತರ ಒಂದರಂತೆ ಮರವನ್ನು ತೆಗೆಸಿ ಇಟ್ಟಿಗೆಯ ಕಮಾನು ಛಾವಣಿಯನ್ನು ಹಾಕಿಸಿದವು. ಇದು ಸುಲಭದ ಕೆಲಸವಲ್ಲ. ಕಮಾನು ತನ್ನ ಭಾರವನ್ನು ಕೆಳಕ್ಕೆ ಇಳಿಸುವುದರ ಜೊತೆಗೆ ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಹಳೆಯ ಗೋಡೆ ಅಂತಹ ಒತ್ತಡಕ್ಕೆ ಕಟ್ಟಿದ್ದಲ್ಲವಾದ್ದರಿಂದ ಗೋಡೆಗೆ ತಾಗಿದಂತೆ ಒಳಗಡೆ ಕಂಬಗಳನ್ನು ಎಬ್ಬಿಸಿ ಅವುಗಳ ಮೇಲೆ ಕಮಾನನ್ನು ಕೂರಿಸುತ್ತಿದ್ದರು. ಈ ಹೊಸ ಛಾವಣಿಯಿಂದ ಹಳ್ಳಿಯ ಪುಟ್ಟ ದೇವಾಲಯಕ್ಕೆ ಮಹಾದೇವಾಲಯದ ಗಾಂಭೀರ್ಯ ಬಂದಿತು. ಅದರೊಡನೆ ಬಿಳಿ ಸುಣ್ಣ ಬಳಿದ ದೊಡ್ಡದೊಂದು ಖಾಲಿ ಜಾಗವೂ ತಲೆಯ ಮೇಲೆ ತೆರೆದುಕೊಂಡಿತು.

ಟೇಬಿಯಲ್ಲಿ ಆ ಜಾಗವನ್ನು ತುಂಬಿದವನು, ಲತೀನ್ ಭಾಷೆಯಲ್ಲಿ ಆಲ್ಬೆರ್ತುಸ್ ಪಿಕ್ತೋರ್, ಅಂದರೆ ಚಿತ್ರಕಾರ ಆಲ್ಬರ್ಟ್. ಈತನ ಮೂಲ ಊರು ಜರ್ಮನಿಯ ಹೆಸ್ಸೆ ಪ್ರಾಂತದ ಇಮ್ಮೆನ್‌ಹೌಸೆನ್ ಎಂದು ಹೇಳಲಾಗುತ್ತದೆ. 1465ರಲ್ಲಿ ಸ್ವೀಡನ್ನಿನ ಆರ್ಬೊಗಾ ಪಟ್ಟಣದಲ್ಲಿ ನಾಗರಿಕನಾಗಿ ನೆಲೆಸಿದ್ದ ಈತನು 1473ರ ಹೊತ್ತಿಗೆ ಸ್ಟಾಕ್‌ಹೋಮ್‌ಗೆ ಬಂದು, ತೀರಿಹೋಗಿದ್ದ ಚಿತ್ರಕಾರನೊಬ್ಬನ ವಿಧವೆ ಅನ್ನಾ ಎಂಬಾಕೆಯನ್ನು ವಿವಾಹವಾಗಿ ಆ ಕಾರ್ಯಾಗಾರದ ಯಜಮಾನನಾದನು. ಚಿತ್ರ ಬರೆಯುವುದಲ್ಲದೆ ಪೂಜಾವಸ್ತ್ರಗಳಿಗೆ ಮುತ್ತಿನ ಕಸೂತಿಯನ್ನೂ ಮಾಡುತ್ತಿದ್ದನು. ಸ್ಟಾಕ್‌ಹೋಮ್‌ನಲ್ಲಿ ಪರಮಪ್ರಸಾದದ ಹೆಸರಿನಲ್ಲಿ ಒಂದು ಭಕ್ತಸಂಘವಿತ್ತು. ಅಲ್ಲಿ ಈತನು ಆರ್ಗನ್ ನುಡಿಸುತ್ತಿದ್ದನು. ಮೂವತ್ತಕ್ಕೂ ಹೆಚ್ಚು ದೇವಾಲಯಗಳ ಚಿತ್ರಗಳು ಈತನ ಮತ್ತು ಈತನ ಶಿಷ್ಯರ ಕೈಕೆಲಸವೆಂದು ಗುರುತಿಸಲಾಗಿದೆ. ಮರಣ ಸುಮಾರು 1509ರಲ್ಲಿ.

ಟೇಬಿಯ ಚಿತ್ರಗಳು 1480ರ ದಶಕದವು. ಒಣಗಿದ ಗಾರೆಯ ಮೇಲೆ ಸುಣ್ಣ ಬಳಿದು ಅದರ ಮೇಲೆ ಬಣ್ಣ ಹಾಕುವುದು ಆಲ್ಬೆರ್ತುಸನ ಕ್ರಮ. ಮತ್ತೆ ಮತ್ತೆ ಬರುವ ಹೂವು, ನಕ್ಷತ್ರಗಳಿಗೆ ಕತ್ತರಿಸಿದ ಅಚ್ಚುಗಳನ್ನು ಬಳಸುತ್ತಿದ್ದನು. ಈತನ ಚಿತ್ರಗಳಲ್ಲಿ ಹಲವು ಮುಖಗಳು ಇಂದು ಕಂದು ಕಪ್ಪಾಗಿ ಕಾಣುತ್ತವೆ. ಹಾಗೆ ಬರೆದದ್ದಲ್ಲ, ಬಣ್ಣದಲ್ಲಿದ್ದ ಸೀಸದ ಅಂಶವು ಐದು ಶತಮಾನಗಳಲ್ಲಿ ರಾಸಾಯನಿಕವಾಗಿ ಮಾರ್ಪಟ್ಟು ಕಪ್ಪಾಗಿದೆ.

ಈಗ ಚದುರಂಗದ ಚಿತ್ರಕ್ಕೆ ಬರೋಣ. ನಡುವೆ ಚದುರಂಗದ ಮಣೆ. ಒಂದು ಕಡೆ ಒಳ್ಳೆಯ ಉಡುಪು ಧರಿಸಿದ ಮನುಷ್ಯ. ಇನ್ನೊಂದು ಕಡೆ ಅಸ್ಥಿಪಂಜರದ ರೂಪದಲ್ಲಿ ಮರಣ. ಬರಹದ ಸುರುಳಿಯಲ್ಲಿ ಹಳೆಯ ಸ್ವೀಡಿಷ್ ಭಾಷೆಯ ಒಂದು ಚಿಕ್ಕ ವಾಕ್ಯವಿದೆ: ನಿನಗೆ ಮಾತ್ ಹಾಕುತ್ತೇನೆ ಎಂದು ಅದರ ಅರ್ಥ. ಚದುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯಾದ ಮೂಲಕ ಅರಬರನ್ನು ತಲುಪಿ, ಅವರಿಂದ ಯೂರೋಪಿಗೆ ಹೋದ ಆಟವೆಂಬುದನ್ನು ನಮ್ಮ ಓದುಗರು ಬಲ್ಲರು. ‘ಮಾತ್’ ಎಂಬ ಪದವೂ ಅದೇ ದಾರಿಯಲ್ಲಿ ಪರ್ಷಿಯಾದಿಂದ ಪ್ರಯಾಣ ಮಾಡಿದೆ. ಚತುರಂಗ ಬಲದ ಹೆಸರು ಹೊತ್ತು ನಮ್ಮ ನಾಡಿನಿಂದ ಹೊರಟ ಆಟವು ಉತ್ತರ ಧ್ರುವದ ಕಡೆಯ ಒಂದು ದೇವಾಲಯದ ಛಾವಣಿಯಲ್ಲಿ ಮರಣದ ಕುರಿತ ಪ್ರವಚನವಾಗಿ ನಿಂತಿರುವುದು ಸೋಜಿಗವೇ ಸರಿ.

ಸ್ವೀಡನ್ನಿನ ಚಲನಚಿತ್ರ ನಿರ್ದೇಶಕ ಇಂಗ್ಮಾರ್ ಬೆರ್ಗ್‌ಮನ್ ಲೂಥರನ್ ಪಾಳಕರ ಮಗ. ಬಾಲ್ಯದಲ್ಲಿ ತಂದೆಯೊಡನೆ ಸ್ಟಾಕ್‌ಹೋಮ್ ಸುತ್ತಲಿನ ಹಳ್ಳಿ ದೇವಾಲಯಗಳಿಗೆ ಹೋಗುತ್ತಿದ್ದ ಆತನು ಅಲ್ಲಿಯ ಛಾವಣಿ ಚಿತ್ರಗಳನ್ನು ನೋಡುತ್ತಾ ಬೆಳೆದನು. 1957ರ ಆತನ ‘ಏಳನೆಯ ಮುದ್ರೆ’ ಚಿತ್ರದಲ್ಲಿ ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬನು ಮರಣದೊಡನೆ ಚದುರಂಗವಾಡುತ್ತಾನೆ. ದೇವಾಲಯದ ಗೋಡೆಯ ಮೇಲೆ ಚಿತ್ರ ಬರೆಯುವ ಒಂದು ಪಾತ್ರವೂ ಅದರಲ್ಲಿ ಬರುತ್ತದೆ. ಬೆರ್ಗ್‌ಮನ್ನನ ಯೋಧನು ದೇವರನ್ನು ಕೂಗುತ್ತಾನೆ, ಉತ್ತರ ಬರುವುದಿಲ್ಲ. ಇಪ್ಪತ್ತನೆಯ ಶತಮಾನದ ವೇದನೆ ಅದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದನ್ನು ಆಲ್ಬೆರ್ತುಸನ ಚಿತ್ರದೊಳಕ್ಕೆ ಓದುವುದು ಸರಿಯಲ್ಲ. ಟೇಬಿಯಲ್ಲಿ ಸೋಲುತ್ತಿರುವ ಆ ಮನುಷ್ಯನು ಒಂಟಿಯಲ್ಲ. ಆತನು ಕುಳಿತಿರುವ ಛಾವಣಿಯ ಕೆಳಗೆ ಪ್ರತಿ ಭಾನುವಾರ ಬಲಿಪೂಜೆ ನಡೆಯುತ್ತಿತ್ತು; ಪ್ರವಾದಿಗಳೂ ಸಂತರೂ ಆತನ ನೆರೆಹೊರೆಯವರು. ಆ ಕಾಲದ ಕ್ರೈಸ್ತನು ಬಹಳವಾಗಿ ಅಂಜುತ್ತಿದ್ದುದು ಸಂಸ್ಕಾರಗಳಿಲ್ಲದೆ, ಸಿದ್ಧತೆಯಿಲ್ಲದೆ ಬರುವ ಮರಣಕ್ಕೆ. 1350ರಲ್ಲಿ ಸ್ವೀಡನ್ನಿಗೆ ಬಂದ ಮಹಾಮಾರಿಯ ನೆನಪು ಇನ್ನೂ ಅಳಿದಿರಲಿಲ್ಲ. ಆಟ ಮುಗಿದ ಮೇಲೆ ಸೋತವನು ತನಗಾಗಿ ಏನನ್ನೂ ಮಾಡಿಕೊಳ್ಳಲಾರ. ಆತನಿಗಾಗಿ ಮಾಡಬಲ್ಲವರು ಕೆಳಗೆ ನಿಂತು ನೋಡುತ್ತಿರುವವರು ಮಾತ್ರ. ಚಿತ್ರವು ನೋಡುವವನಿಗೆ ಎರಡು ಮಾತು ಹೇಳುತ್ತದೆ: ನಿನ್ನ ಸರದಿಗೆ ಸಿದ್ಧನಾಗು, ಈಗಾಗಲೇ ಆಟ ಮುಗಿಸಿದವರನ್ನು ಮರೆಯಬೇಡ.

ಎನ್‌ಶೊಪಿಂಗ್ ಪಟ್ಟಣದ ಸಮೀಪದ ಹೆರ್ಕೆಬೆರ್ಯ ದೇವಾಲಯದಲ್ಲಿಯೂ ಆಲ್ಬೆರ್ತುಸನ ಪ್ರಸಿದ್ಧ ಚಿತ್ರಗಳಿವೆ. ಅಲ್ಲಿಯ ಪ್ರವೇಶ ಮಂಟಪದಲ್ಲಿ ಅದೃಷ್ಟದ ಚಕ್ರವಿದೆ: ಒಬ್ಬನು ಮೇಲೇರುತ್ತಾನೆ, ಒಬ್ಬನು ಮೇಲೆ ಕುಳಿತಿದ್ದಾನೆ, ಒಬ್ಬನು ಕೆಳಗುರುಳುತ್ತಾನೆ. ತತ್ತ್ವಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತ. ಸುಮಾರು 524ರಲ್ಲಿ ಸೆರೆಮನೆಯಲ್ಲಿ ಮರಣದಂಡನೆಯನ್ನು ನಿರೀಕ್ಷಿಸುತ್ತಾ ಬೊಯೆಥಿಯುಸ್ ಎಂಬ ರೋಮನ್ ಮಂತ್ರಿಯು ಬರೆದ ‘ತತ್ತ್ವದ ಸಾಂತ್ವನ’ ಎಂಬ ಗ್ರಂಥದಿಂದ ಈ ಚಕ್ರವು ಮಧ್ಯಯುಗದ ಮನಸ್ಸಿನಲ್ಲಿ ನೆಲೆಸಿತು. ಆ ಗ್ರಂಥವನ್ನು ಕಣ್ಣಿನಲ್ಲಿ ಕಂಡಿರದ ರೈತನು ಅದರ ತಿರುಳನ್ನು ದೇವಾಲಯದ ಬಾಗಿಲಲ್ಲಿ ಕಂಡನು. ಒಳಗೆ ಮೀನಿನ ಹೊಟ್ಟೆ ಸೇರಿದ ಪ್ರವಾದಿ ಯೋನ, ಗಾಜಾ ಪಟ್ಟಣದ ಬಾಗಿಲುಗಳನ್ನು ಕಿತ್ತು ಹೊತ್ತೊಯ್ಯುವ ಸಂಸೋನ. ಇಬ್ಬರೂ ಮರಣವನ್ನು ಜಯಿಸಿ ಎದ್ದ ಯೇಸುಸ್ವಾಮಿಯ ಮುನ್ಸೂಚನೆಗಳು. ‘ಬಡವರ ಬೈಬಲ್’ ಎಂದು ಕರೆಯಲಾಗುವ ಸಚಿತ್ರ ಪುಸ್ತಕದಲ್ಲಿ ಹಳೆಯ ಒಡಂಬಡಿಕೆಯ ಘಟನೆಗಳನ್ನು ಹೊಸ ಒಡಂಬಡಿಕೆಯ ಪಕ್ಕದಲ್ಲಿಟ್ಟು ತೋರಿಸುವ ಕ್ರಮವಿತ್ತು; ಆಲ್ಬೆರ್ತುಸನು ಅದನ್ನು ಮಾದರಿಯಾಗಿ ಬಳಸಿಕೊಂಡನು.

ಚಿತ್ರಗಳು ಅಕ್ಷರ ಬಾರದವರ ಪುಸ್ತಕವೆಂಬ ವಿಚಾರವು ಸುಮಾರು 600ರಲ್ಲಿ ಸಂತ ಗ್ರೆಗೋರಿ ಪೋಪರು ಮಾರ್ಸೆಯ ಧರ್ಮಾಧ್ಯಕ್ಷರಿಗೆ ಬರೆದ ಪತ್ರಗಳಲ್ಲಿದೆ. ಮಾತು ನಿಜ, ಆದರೆ ಅರ್ಧ ನಿಜವೆಂದು ನನಗೆ ತೋರುತ್ತದೆ. ಈ ಛಾವಣಿಗಳಲ್ಲಿರುವ ಬರಹ ಬಹುಪಾಲು ಲತೀನ್. ಕಮಾನಿನ ಮೂಲೆಗಳಲ್ಲಿರುವ ಎಷ್ಟೋ ಚಿತ್ರಗಳು ಮಂದವಾದ ಬೆಳಕಿನಲ್ಲಿ ಕೆಳಗಿನವರಿಗೆ ಸರಿಯಾಗಿ ಕಾಣುವುದೂ ಇಲ್ಲ. ಕೇವಲ ಪಾಠ ಹೇಳುವುದೇ ಉದ್ದೇಶವಾಗಿದ್ದರೆ ಯಾರೂ ಹೀಗೆ ಬರೆಸುತ್ತಿರಲಿಲ್ಲ. ಪರಲೋಕದ ಸಭೆಯು ಬಲಿಪೂಜೆಗೆ ಬಂದು ಸೇರಿದೆ ಎಂದು ತೋರುವುದಕ್ಕಾಗಿ ಈ ಬಳಗವನ್ನು ಅಲ್ಲಿ ಕೂರಿಸಿದರು. ಕೆಳಗೆ ಬದುಕಿರುವವರು, ಮೇಲೆ ಸಂತರು, ನೆಲದಡಿಯಲ್ಲಿಯೂ ಹೊರಗಿನ ಅಂಗಳದಲ್ಲಿಯೂ ಮೃತರು. ವಿಶ್ವಾಸಸಾರದಲ್ಲಿ ನಾವು ಹೇಳುವ ‘ಸಂತರ ಅನ್ಯೋನ್ಯತೆ’ ಎಂಬ ಮಾತಿಗೆ ಕಲ್ಲುಗಾರೆಯಲ್ಲಿ ಮಾಡಿದ ವ್ಯಾಖ್ಯಾನವಿದು.

ಈ ಕಟ್ಟಡವನ್ನು ನಿಲ್ಲಿಸಿದ್ದ ಅದೃಶ್ಯ ಕಂಬವೊಂದಿತ್ತು; ಅದು ದಾನದ ಜಮೀನು. ತಮ್ಮ ಮತ್ತು ತಮ್ಮವರ ಆತ್ಮಗಳಿಗಾಗಿ ಬಲಿಪೂಜೆ ನಡೆಯಲೆಂದು ಉಳ್ಳವರು ದೇವಾಲಯಗಳಿಗೂ ಮಠಗಳಿಗೂ ಭೂಮಿಯನ್ನು ಬರೆದುಕೊಡುತ್ತಿದ್ದರು. 1527ರಲ್ಲಿ ವೆಸ್ತೆರೋಸ್ ಪಟ್ಟಣದಲ್ಲಿ ಅರಸ ಗುಸ್ತಾವ್ ವಾಸಾ ಕರೆದ ಸಭೆಯು ಧರ್ಮಸಭೆಯ ಆಸ್ತಿಯನ್ನು ರಾಜನ ಕೈಗೆ ಒಪ್ಪಿಸಿತು. ಅದರೊಡನೆ ಇನ್ನೊಂದು ತೀರ್ಮಾನವೂ ಆಯಿತು: 1454ರಿಂದೀಚೆಗೆ ತಮ್ಮ ಪೂರ್ವಜರು ಕೊಟ್ಟ ಭೂಮಿಯನ್ನು ಶ್ರೀಮಂತ ಮನೆತನಗಳು ಮರಳಿ ಪಡೆಯಬಹುದು. ಅಜ್ಜನ ಆತ್ಮಕ್ಕಾಗಿ ಕೊಟ್ಟದ್ದನ್ನು ಮೊಮ್ಮಕ್ಕಳು ವಾಪಸು ತೆಗೆದುಕೊಂಡರು. ವಾರಸುದಾರರನ್ನು ನಂಬದೆ ಬದುಕಿರುವಾಗಲೇ ತನ್ನ ಕಲ್ಲನ್ನು ತಾನೇ ನೆಡಿಸಿಕೊಂಡ ಯಾರ್ಲಬಾಂಕೆ ಅಷ್ಟೊಂದು ತಪ್ಪಿರಲಿಲ್ಲ! 1531ರಲ್ಲಿ ಪ್ರತಿ ದೇವಾಲಯವೂ ಒಂದೊಂದು ಗಂಟೆಯನ್ನು ಅರಸನ ಸಾಲ ತೀರಿಸಲು ಕೊಡಬೇಕೆಂದು ಆಜ್ಞೆಯಾದಾಗ ದಾಲಾರ್ನ ಪ್ರಾಂತದ ರೈತರು ದಂಗೆಯೆದ್ದರು. ಧರ್ಮಸುಧಾರಣೆ ಎಂಬುದು ಸ್ವೀಡನ್ನಿನ ಹಳ್ಳಿಗನಿಗೆ ಮೊದಲು ಕೇಳಿಸಿದ್ದು ಸಿದ್ಧಾಂತವಾಗಿ ಅಲ್ಲ, ಗಂಟೆಯ ದನಿ ನಿಂತದ್ದಾಗಿ.

ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಮೃತರಿಗಾಗಿ ಪ್ರಾರ್ಥಿಸುವುದು ಶ್ರೇಷ್ಠವೆಂದು ಹೇಳಿರುವುದು ನಮಗೆ ಗೊತ್ತಿದೆ. ಪ್ರೊಟೆಸ್ಟಂಟರು ಆ ಗ್ರಂಥವನ್ನು ಪವಿತ್ರ ಗ್ರಂಥದ ಭಾಗವೆಂದು ಒಪ್ಪುವುದಿಲ್ಲ. ಹೀಗಾಗಿ ಆತ್ಮಗಳಿಗಾಗಿ ಅರ್ಪಿಸುವ ಬಲಿಪೂಜೆಯು ಸ್ವೀಡನ್ನಿನ ದೇವಾಲಯಗಳಲ್ಲಿ ನಿಂತುಹೋಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ದೂರಿನ ಪಟ್ಟಿಯಾದೀತು. ಆದರೆ ಇದಕ್ಕೊಂದು ಮರುಮುಖವಿದೆ. ಅದೇ ಶತಮಾನದಲ್ಲಿ ಯೂರೋಪಿನ ಬೇರೆ ಕಡೆಗಳಲ್ಲಿ, ಮುಖ್ಯವಾಗಿ ಸ್ವಿಟ್ಜರ್‌ಲೆಂಡ್ ಮತ್ತು ಹಾಲೆಂಡಿನ ಪಟ್ಟಣಗಳಲ್ಲಿ, ಪ್ರತಿಮೆಗಳನ್ನು ಒಡೆದು ಚಿತ್ರಗಳನ್ನು ಅಳಿಸಿದರು. ಸ್ವೀಡನ್ನಿನಲ್ಲಿ ಅಂತಹ ಸಾರಾಸಗಟು ನಾಶ ನಡೆಯಲಿಲ್ಲ. ಅಲ್ಲಿಯ ಮೊದಲ ಲೂಥರನ್ ಮಹಾಧರ್ಮಾಧ್ಯಕ್ಷ ಲೌರೆಂತಿಯುಸ್ ಪೆತ್ರಿ 1571ರಲ್ಲಿ ಹೊರಡಿಸಿದ ನಿಯಮಾವಳಿಯು, ಆರಾಧನೆಗೆ ಗುರಿಯಾಗದಿದ್ದರೆ ಚಿತ್ರಗಳಿರಬಹುದೆಂಬ ಮಿತವಾದ ನಿಲುವನ್ನು ತಾಳಿತು. ಹದಿನೆಂಟನೆಯ ಶತಮಾನದಲ್ಲಿ ಬೆಳಕು ಬೇಕೆಂದು ಕಿಟಕಿಗಳನ್ನು ಅಗಲಿಸಿ ಅನೇಕ ದೇವಾಲಯಗಳ ಚಿತ್ರಗಳ ಮೇಲೆ ಸುಣ್ಣ ಬಳಿದರು ನಿಜ. ಅದಕ್ಕೆ ಕಾರಣ ದ್ವೇಷಕ್ಕಿಂತ ಹೆಚ್ಚಾಗಿ ಅಭಿರುಚಿ. ಆ ಸುಣ್ಣವೇ ಹಲವು ಕಡೆ ಬಣ್ಣಗಳಿಗೆ ಹೊದಿಕೆಯಾಯಿತು, ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಎಚ್ಚರಿಕೆಯಿಂದ ಕೆರೆದು ಚಿತ್ರಗಳನ್ನು ಹೊರತೆಗೆದರು. ಟೇಬಿಯ ಚದುರಂಗವನ್ನು ನಮ್ಮ ಕಾಲದವರೆಗೆ ಉಳಿಸಿಕೊಂಡು ಬಂದವರು ಲೂಥರನ್ ಸಭೆಯ ಸಾಮಾನ್ಯ ಜನರೇ. ಕಥೋಲಿಕರು ಈ ಋಣವನ್ನು ಒಪ್ಪಿಕೊಳ್ಳಬೇಕು.

ಆ ದೇಶದಲ್ಲಿ ಕಥೋಲಿಕರ ಸ್ಥಿತಿ ದೀರ್ಘಕಾಲ ಕಠಿಣವಾಗಿತ್ತು. 1858ರಲ್ಲಿಯೂ ಕಥೋಲಿಕ ವಿಶ್ವಾಸಕ್ಕೆ ಸೇರಿದ ಆರು ಮಂದಿ ಮಹಿಳೆಯರನ್ನು ದೇಶದಿಂದ ಹೊರಗಟ್ಟಲಾಯಿತು. 1860ರಲ್ಲಿ ಗಡೀಪಾರಿನ ಶಿಕ್ಷೆ ರದ್ದಾಯಿತು. ಪೂರ್ಣ ಧಾರ್ಮಿಕ ಸ್ವಾತಂತ್ರ್ಯ ದೊರೆತದ್ದು 1951ರಲ್ಲಿ. 1953ರಲ್ಲಿ ಸ್ಟಾಕ್‌ಹೋಮ್ ಕಥೋಲಿಕ ಧರ್ಮಪ್ರಾಂತ್ಯವಾಯಿತು. 2016ರಲ್ಲಿ ಫ್ರಾನ್ಸಿಸ್ ಪೋಪರು ಲುಂಡ್ ನಗರದ ಮಹಾದೇವಾಲಯದಲ್ಲಿ ಲೂಥರನ್ ನಾಯಕರೊಡನೆ ಪ್ರಾರ್ಥಿಸಿದರು. ಆ ಕಟ್ಟಡವೂ ಟೇಬಿಯಂತೆ ಮೊದಲು ಕಥೋಲಿಕರು ಕಟ್ಟಿದ್ದು, ಆಮೇಲೆ ಲೂಥರನ್ನರು ಕಾಪಾಡಿದ್ದು. 2000ದಲ್ಲಿ ಲೂಥರನ್ ಸಭೆಯು ಸರಕಾರದಿಂದ ಬೇರ್ಪಟ್ಟಿತು. ಹಳೆಯ ದೇವಾಲಯಗಳಿಗೆ ಕಾನೂನಿನ ರಕ್ಷಣೆಯಿದೆ. ಅವುಗಳ ದುರಸ್ತಿಗೆ ಸರಕಾರದ ಹಣವೂ ದೊರೆಯುತ್ತದೆ. ಭಾನುವಾರದ ಆರಾಧನೆಗೆ ಬರುವವರು ಮಾತ್ರ ಕಡಿಮೆ. ಆದರೆ ನವೆಂಬರ್ ಮೊದಲ ವಾರದಲ್ಲಿ ಸಕಲ ಸಂತರ ದಿನವಾಗಿ ಆಚರಿಸುವ ಶನಿವಾರದಂದು ಆ ದೇಶದ ಸಮಾಧಿ ಭೂಮಿಗಳಲ್ಲಿ ಕತ್ತಲಾಗುತ್ತಿದ್ದಂತೆ ಸಾವಿರಾರು ಮೇಣದ ಬತ್ತಿಗಳು ಉರಿಯುತ್ತವೆ. ದೇವಾಲಯಕ್ಕೆ ವರ್ಷವಿಡೀ ಬಾರದವರೂ ಅಂದು ತಮ್ಮವರ ಸಮಾಧಿಯ ಬಳಿಗೆ ಬರುತ್ತಾರೆ. ಸಿದ್ಧಾಂತವು ಕೈಬಿಟ್ಟದ್ದನ್ನು ಕೈಗಳು ಬಿಟ್ಟಿಲ್ಲ ಎನ್ನಬೇಕು.

ಟೇಬಿಯ ಚಿತ್ರಕಾರನ ಒಂದು ಬೇಡಿಕೆ ಮಾತ್ರ ಬಾಕಿಯಿದೆ. ಸೋಡರ್ಮನ್‌ಲಾಂಡ್ ಪ್ರಾಂತದ ಲೀದ್ ಎಂಬ ಹಳ್ಳಿ ದೇವಾಲಯದಲ್ಲಿ ಆಲ್ಬೆರ್ತುಸನು ತನ್ನ ಚಿತ್ರವನ್ನೇ ಬರೆದುಕೊಂಡಿದ್ದಾನೆ. ಮಂಡಿಯೂರಿ ಕೈಜೋಡಿಸಿದ ಮನುಷ್ಯ. ಅವನೊಡನೆ ಲತೀನ್ ಬರಹದ ಸುರುಳಿ. ಈ ದೇವಾಲಯದ ಚಿತ್ರಕಾರನಾದ ಆಲ್ಬೆರ್ತುಸನನ್ನು ನೆನೆಯಿರಿ ಎಂಬುದು ಅದರ ಭಾವ. ಮಧ್ಯಯುಗದ ಕ್ರೈಸ್ತನ ಬಾಯಲ್ಲಿ ನೆನೆಯಿರಿ ಎಂದರೆ ಹೊಗಳಿರಿ ಎಂದಲ್ಲ, ನನ್ನ ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂದು. ಆತನು ತೀರಿಕೊಂಡ ಸುಮಾರು ಹದಿನೆಂಟು ವರ್ಷಗಳಲ್ಲಿಯೇ ವೆಸ್ತೆರೋಸಿನ ತೀರ್ಮಾನ ಬಂದಿತು. ಅನಂತರ ಆ ಬರಹವನ್ನು ಓದಿದವರಲ್ಲಿ ಹೆಚ್ಚಿನವರು ಕಲಾವಿದನ ಸಹಿಯೆಂದು ಅದನ್ನು ಮೆಚ್ಚಿ ಮುಂದೆ ಹೋದರು.

ನವೆಂಬರ್ 2ರ ಬಲಿಪೂಜೆಗಾಗಿ ನಮ್ಮ ಧರ್ಮಕೇಂದ್ರದ ಕುಟುಂಬಗಳು ತಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುವ ವಾಡಿಕೆಯಿದೆ. ಈ ವರ್ಷ ಅವುಗಳೊಡನೆ ನಾನೂ ಒಂದು ಚೀಟಿಯನ್ನು ಇಟ್ಟಿದ್ದೇನೆ: ಆಲ್ಬೆರ್ತುಸ್, ಚಿತ್ರಕಾರ.